ಏಳು ಪರದೆ, ಒಂದು ಫೋನ್ ಲೈನ್

ಬಣಕಲ್, 19 ಫೆಬ್ರವರಿ 2003, ಬುಧವಾರ

ನೆರೆದಿರುವ ಮಹಾಜನರೇ, ಮುಂದಿನ ಚಾಪೆಯ ಮಕ್ಕಳೇ, ಹಿಂದಿನ ಬೆಂಚಿನ ಯಜಮಾನರೇ, ಬೇಲಿ ಹಾರಿ ಟಿಕೆಟ್ಟಿಲ್ಲದೆ ಬಂದು ನಿಂತಿರುವ ಪುಣ್ಯಾತ್ಮರೇ, ಎಲ್ಲರಿಗೂ ಈ ಕಾಶೀನಾಥನ ನಮಸ್ಕಾರ. ಬೀಡಿ ಆರಿಸಿ, ಮಗು ಅತ್ತರೆ ಹೊರಗೆ ಕರೆದೊಯ್ಯಿರಿ, ಗಂಟೆ ಹೊಡೆದಾಗಿದೆ.

ಎದುರಿಗೆ ಯಾರೂ ಇಲ್ಲವೆಂದು ನನಗೂ ಗೊತ್ತು. ಇದು ಕಾಫಿ ಕ್ಯೂರಿಂಗ್ ಕಾರ್ಖಾನೆಯವರು ಹೊಸವರ್ಷಕ್ಕೆ ಕೊಟ್ಟ ಡೈರಿ. ಆದರೆ ಜನ ಕೂತಿದ್ದಾರೆಂದು ಅಂದುಕೊಳ್ಳದೆ ನನಗೆ ಮಾತು ಹೊರಡುವುದಿಲ್ಲ. ಮನೆಯಲ್ಲಿ ಕೇಳುವವಳು ಒಬ್ಬಳಿದ್ದಳು. ಅವಳೀಗ ಮಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಕವುಚಿ ಮಲಗಿದ್ದಾಳೆ.

ನನ್ನ ಹೆಂಡತಿ ಕಾತ್ಯಾಯಿನಿ ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುವವಳು. ಒಂದು ಕಣ್ಣು ಹುಟ್ಟಿನಿಂದಲೇ ಮಂಜು. ಚೆನ್ನಾಗಿದ್ದ ಇನ್ನೊಂದು ಕಣ್ಣಿನ ಹಿಂದಿನ ಪರೆ ಹೋದ ವಾರ ಕಳಚಿಕೊಂಡಿತು. ನಿನ್ನೆ ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದಾರಂತೆ. ಅದು ಪರೆಯನ್ನು ಒತ್ತಿ ಹಿಡಿಯಬೇಕಾದರೆ ಎರಡು ವಾರ ಮುಖವನ್ನು ನೆಲಕ್ಕೆ ಮಾಡಿಯೇ ಮಲಗಬೇಕು. ಆಮೇಲೆ ಕಟ್ಟು ಬಿಚ್ಚಿ, ದೃಷ್ಟಿ ಉಳಿಯಿತೋ ಇಲ್ಲವೋ ಎಂದು ನೋಡುತ್ತಾರೆ. ಅವಳ ಅಣ್ಣನ ಮಗಳು ಗಾನಶ್ರೀ ಜೊತೆಗಿದ್ದಾಳೆ. ನಾನೂ ಇರುತ್ತೇನೆ ಎಂದೆ.

"ನೀವು ಇಲ್ಲಿ ಎಂತ ಮಾಡ್ತೀರಿ? ನೀವು ಪಿಸುಗುಟ್ಟಿದ್ರೆ ಪಕ್ಕದ ವಾರ್ಡಿನವ್ರು ಎದ್ದು ಕೂರ್ತಾರೆ. ಮನೆಗೆ ಹೋಗಿ ನನ್ನ ಫೈಲು ಹಾಕಿ," ಎಂದಳು ಕಾತ್ಯಾಯಿನಿ.

ಫೈಲು. ಈ ನಾಟಕದ ಖಳನಾಯಕ ಅದೇ.

ಅವಳ ತಂದೆ, ನಮ್ಮ ಮಾವ ಸುಬ್ಬಣ್ಣನವರು, ನಾಟಕ ಕಂಪನಿಗೆ ಪರದೆ ಬರೆಯುತ್ತಿದ್ದವರು. ಅರಮನೆ, ಬೀದಿ, ಕಾಡು, ಉದ್ಯಾನ, ಸೆರೆಮನೆ, ನದಿ, ಸ್ಮಶಾನ, ಹೀಗೆ ಏಳು ಪರದೆ. ಅದೇ ಕಂಪನಿಯಲ್ಲಿ ನಾನು ರಾಜಪಾರ್ಟಿನವನು. ಮೂಡಿಗೆರೆಯ ಕ್ಯಾಂಪಿನಲ್ಲಿ ಕಂಪನಿ ಮುಳುಗಿದಾಗ ಆ ಪರದೆಗಳು, ಒಂದಷ್ಟು ಕಿರೀಟ, ಗದೆ ಮತ್ತು ಮಾವನ ಮಗಳು ನನ್ನ ಪಾಲಿಗೆ ಬಂದರು. ಕಿರೀಟ ಗದೆಗಳಿಂದ ಈ ಡ್ರಾಮಾ ಡ್ರೆಸ್ ಅಂಗಡಿ ನಡೆಯುತ್ತಿದೆ. ಪರದೆಗಳನ್ನು ಈಗ ಯಾರೂ ಬಾಡಿಗೆಗೆ ಕೇಳುವುದಿಲ್ಲ. ಅಟ್ಟದ ಮೇಲೆ ಸುತ್ತಿಟ್ಟಿದ್ದೇವೆ, ಗೆದ್ದಲು ರುಚಿ ನೋಡುತ್ತಿದೆ. ಇನ್ನೊಂದು ಮಳೆಗಾಲ ಅವು ತಡೆಯುವುದಿಲ್ಲ.

ಮೈಸೂರಿನ ಕಡೆ ಹೊಸದಾಗಿ ರಂಗಭೂಮಿಯ ಸಂಗ್ರಹಾಲಯವೊಂದು ಆಗುತ್ತಿದೆ. ಅಲ್ಲಿನ ಶ್ರೀಹರಿ ಎಂಬವರು ಕಾತ್ಯಾಯಿನಿಗೆ ಹೇಳಿದ್ದಾರೆ: ಸಮಿತಿಯವರು ಬಣಕಲ್ಲಿನವರೆಗೆ ಬರಲಾರರು, ಮಾರ್ಚ್ ಐದಕ್ಕೆ ಸಭೆ, ಅಷ್ಟರೊಳಗೆ ಪರದೆಗಳ ಫೋಟೋ ವೆಬ್‌ಸೈಟಿನಲ್ಲಿ ಇದ್ದರೆ ನೋಡಿ, ತೆಗೆದುಕೊಳ್ಳುವುದೋ ಬಿಡುವುದೋ ಅಂದೇ ನಿರ್ಧರಿಸುತ್ತಾರೆ. ಇವಳು ಕಂಪ್ಯೂಟರ್ ಮುಂದೆ ಕೂತು ಸೈಟನ್ನು ಕಟ್ಟಿದಳು. ನಾಲ್ಕು ಪರದೆ ಮೇಲೇರಿಸಿದಳು. ಐದನೆಯದಕ್ಕೆ ಕಣ್ಣು ಕೈಕೊಟ್ಟಿತು.

ಉಳಿದ ಮೂರು ಪರದೆಗೆ ಒಬ್ಬ ರಾಜನನ್ನು ನೇಮಿಸಿದ್ದಾಳೆ. ಮಾವನ ಹಳೇ ಬಟ್ಟೆ ತುಂಡುಗಳಿಗಾಗಿ ಇಷ್ಟೆಲ್ಲ ಏಕೆಂದು ನನಗೆ ಅರ್ಥವಾಗುವುದಿಲ್ಲ. ಆದರೂ ಮಾಡುತ್ತೇನೆ. ಒಂದು ಮಧ್ಯಾಹ್ನದ ಕೆಲಸ.

20 ಫೆಬ್ರವರಿ, ಗುರುವಾರ

ಒಂದು ಮಧ್ಯಾಹ್ನದ ಕೆಲಸ ಎಂದು ಬರೆದ ಕೈಗೆ ಧಿಕ್ಕಾರ.

ಎಫ್‌ಟಿಪಿ ಎಂಬ ಸಾಫ್ಟ್‌ವೇರ್ ಇದೆ. ತೆರೆದರೆ ಸ್ಕ್ರೀನಿನ ಮೇಲೆ ಎರಡು ಅಂಕಣ. ಒಂದು ನಮ್ಮ ಮನೆಯ ಕಂಪ್ಯೂಟರು. ಇನ್ನೊಂದು ಸರ್ವರು, ಅದು ಅಮೆರಿಕದಲ್ಲೆಲ್ಲೋ ಇದೆಯಂತೆ. ಇಲ್ಲಿಂದ ಫೈಲು ಹಿಡಿದು ಅಲ್ಲಿಗೆ ಎಳೆದರೆ ಹೋಗುತ್ತದೆ. ಆದರೆ ಒಳಗೆ ಬಿಡಬೇಕಲ್ಲ. ಪಾಸ್‌ವರ್ಡ್ ಹಾಕಿದೆ, ತಪ್ಪು ಎಂದಿತು. ಮತ್ತೆ ಹಾಕಿದೆ, ಮತ್ತೆ ತಪ್ಪು. ಇಂಟರ್‌ನೆಟ್ ಬಿಟ್ಟು, ಅದೇ ಲೈನಿನಲ್ಲಿ ಮಂಗಳೂರಿಗೆ ಫೋನ್ ಮಾಡಿದೆ. ಗಾನಶ್ರೀ ರಿಸೀವರನ್ನು ಮಂಚದ ಅಂಚಿನ ಕೆಳಗೆ ತೂರಿಸಿ, ಅಲ್ಲಿ ಮುಖ ಬಗ್ಗಿಸಿ ಮಲಗಿದ್ದ ಅತ್ತೆಯ ಕಿವಿಗೆ ಹಿಡಿದಳು.

"ದೊಡ್ಡ ಅಕ್ಷರದಲ್ಲಿ ಹೊಡೀತಿದೀರಾ?" ಕಾತ್ಯಾಯಿನಿಯ ದನಿ ನೆಲಕ್ಕೆ ಬಡಿದು ಬಂದಂತಿತ್ತು.

"ಮತ್ತೆ? ನಾನು ಯಾವತ್ತು ಸಣ್ಣಕ್ಷರದಲ್ಲಿ ಬರೆದಿದ್ದೇನೆ?"

"ಅದು ಸಣ್ಣದನ್ನೇ ಕೇಳ್ತದೆ. ಸಣ್ಣಕ್ಷರದಲ್ಲಿ ಹೊಡೀರಿ. ಆಮೇಲೆ ಎಡಗಡೆಯಿಂದ ಬಲಗಡೆಗೆ ಎಳೀರಿ."

"ಯಾರ ಎಡ?"

"ಯಾರ ಎಡ ಅಂದ್ರೆ?"

"ರಂಗದ ಮೇಲೆ ಎಡ ಅಂದ್ರೆ ನಟನ ಎಡ. ನೋಡುವವರಿಗೆ ಅದು ಬಲ. ಈ ಕಂಪ್ಯೂಟರು ನನಗೆ ಮುಖ ಮಾಡಿ ನಿಂತಿದೆ. ಅದರ ಎಡವೋ, ನನ್ನ ಎಡವೋ?"

"ನೀವು ಪ್ರೇಕ್ಷಕರು ಅಂತ ತಿಳ್ಕೊಳಿ ಮಾರಾಯ್ರೆ. ಜೀವನದಲ್ಲಿ ಒಂದ್ಸಲ," ಎಂದಳು.

22 ಫೆಬ್ರವರಿ, ಶನಿವಾರ

ಮಹಾಜನರೇ, ನನ್ನ ಸಂಕಟವನ್ನು ಕೇಳಿ.

ಮನೆಗೆ ಇರುವುದು ಒಂದೇ ಫೋನ್ ಲೈನು. ಇಂಟರ್‌ನೆಟ್ಟಿಗೂ ಅದೇ, ಹೆಂಡತಿಗೂ ಅದೇ. ಅವಳ ಹತ್ತಿರ ಮಾತಾಡುವಾಗ ಫೈಲು ಹೋಗುವುದಿಲ್ಲ, ಫೈಲು ಹೋಗುವಾಗ ಅವಳಿಗೆ ಲೈನು ಸಿಗುವುದಿಲ್ಲ. ಮರೆಯಲ್ಲಿ ನಿಂತು ಮಾತು ಹೇಳಿಕೊಡುವ ಪ್ರಾಂಪ್ಟರನ್ನು ಹೊರಗೆ ಕಳಿಸಿದ ಮೇಲೆಯೇ ನಟ ಬಾಯಿ ತೆರೆಯಬೇಕಾದ ನಾಟಕ ಇದು.

ಇಷ್ಟೂ ಸಾಲದೆಂದು ಅದೇ ಲೈನಿಗೆ ಅಂಗಡಿಯಲ್ಲಿ ಇನ್ನೊಂದು ಪ್ಯಾರಲಲ್ ಫೋನು. ಅಂಗಡಿಯನ್ನು ನೋಡಿಕೊಳ್ಳುವ ಭೂತಯ್ಯ ಒಂದು ಕಾಲಕ್ಕೆ ಹಾಸ್ಯಪಾತ್ರದಲ್ಲಿ ಕಳಸದಿಂದ ಕೊಟ್ಟಿಗೆಹಾರದವರೆಗೆ ಹೆಸರು ಮಾಡಿದವನು. ಶಿವರಾತ್ರಿ ಹತ್ತಿರ ಬಂದಿದೆ, ಊರೂರಲ್ಲಿ ನಾಟಕ, ಡ್ರೆಸ್ಸಿಗೆ ಆರ್ಡರು. ಅವನು ಆರ್ಡರು ಹಿಡಿಯಲು ಅಲ್ಲಿ ರಿಸೀವರ್ ಎತ್ತುತ್ತಾನೆ, ಇಲ್ಲಿ ನನ್ನ ಅಮೆರಿಕ ಮುಳುಗುತ್ತದೆ. ಇಂದು ಮೂರನೆಯ ಸಲ ಮುಳುಗಿದಾಗ ಎದ್ದು ಹೋದೆ. ಅವನು ರಿಸೀವರನ್ನು ಕಿವಿಯಿಂದ ದೂರ ಹಿಡಿದು ನಿಂತಿದ್ದ.

"ಅಯ್ಯಾರೇ, ಇದರೊಳಗೆ ಯಾವುದೋ ಹೆಂಗಸು ಗೋಳಾಡ್ತಾಳೆ. ಕಂದ ಪದ್ಯಕ್ಕೆ ಶ್ರುತಿ ಸಿಗದೆ ಒದ್ದಾಡಿದಂಗೆ."

"ಅದು ಹೆಂಗಸಲ್ಲ, ಇಂಟರ್‌ನೆಟ್ಟಿನ ಮೋಡೆಮ್. ಕೆಳಗಿಡು."

"ಜಾವಳಿಯವ್ರು ಎರಡು ರಾಕ್ಷಸ, ಒಂದು ಋಷಿ ಬೇಕಂತ ಹೇಳಿದ್ರು. ಇಟ್ಟುಬಿಟ್ರೆ ಋಷಿ ತಪ್ಪೋಗ್ತದೆ."

ಋಷಿ ಉಳಿದ. ನನ್ನ ಫೈಲು ಹೋಯಿತು.

23 ಫೆಬ್ರವರಿ, ಭಾನುವಾರ

ಇಂದು ಬೆಳಿಗ್ಗೆ ಭೂತಯ್ಯ ಇನ್ನೂ ಬಂದಿರಲಿಲ್ಲ, ಕರೆಂಟಿತ್ತು, ಲೈನು ಸಿಕ್ಕಿತು. ಸಣ್ಣಕ್ಷರದಲ್ಲಿ ಪಾಸ್‌ವರ್ಡ್ ಹೊಡೆದೆ, ಬಾಗಿಲು ತೆರೆಯಿತು. ಬಲಗಡೆ ನೋಡುತ್ತೇನೆ, ಹಳೆಯ ಸಾಮಾನು ರಾಶಿ ಬಿದ್ದಿದೆ.

ನಾನು ರಂಗದಲ್ಲಿ ಬೆಳೆದವನು. ಹಿಂದಿನ ದೃಶ್ಯದ ಸಿಂಹಾಸನವನ್ನು ರಂಗದ ಮೇಲೆಯೇ ಬಿಟ್ಟು ಮುಂದಿನ ಕಾಡಿನ ದೃಶ್ಯಕ್ಕೆ ಪರದೆ ಎತ್ತಿದ ಸ್ಟೇಜ್ ಮೇನೇಜರನ್ನು ನಮ್ಮ ಕಂಪನಿಯ ಮಾಲೀಕರು ಅಲ್ಲೇ ಕೆಲಸದಿಂದ ತೆಗೆದಿದ್ದರು. ಮೊದಲು ರಂಗ ಬರಿದಾಗಬೇಕು, ಆಮೇಲೆ ಹೊಸ ಸಾಮಾನು. ಎಲ್ಲವನ್ನೂ ಒಟ್ಟಿಗೆ ಹಿಡಿದು ಡಿಲೀಟ್ ಒತ್ತಿದೆ. ನಿಶ್ಚಯವೇ ಎಂದು ಕೇಳಿತು. ನಿಶ್ಚಯ ಎಂದೆ, ಬಾಯಿಬಿಟ್ಟೇ ಹೇಳಿದೆ. ಬಲಗಡೆಯ ಅಂಕಣ ಸಾರಿಸಿದ ಅಂಗಳದ ಹಾಗೆ ಸ್ವಚ್ಛವಾಯಿತು.

ಹೊಸ ಫೈಲುಗಳಲ್ಲಿ ಒಂದೂ ಪೂರ್ತಿ ಸೇರುವ ಮೊದಲೇ ಕರೆಂಟು ಹೋಯಿತು. ಮಂಗಳೂರಿಗೆ ಫೋನ್ ಮಾಡಿ, ರಂಗ ಸಜ್ಜಾಗಿದೆ ಎಂದು ಹೇಳಿದೆ.

"ಸಜ್ಜು ಅಂದ್ರೆ?"

"ಹಳೇದನ್ನೆಲ್ಲ ತೆಗೆದುಹಾಕಿದೆ."

"ಯಾವ ಹಳೇದು?"

ಹೇಳಿದೆ. ಜನವರಿ ತಿಂಗಳಿಡೀ ಶಾಲೆಯಿಂದ ಬಂದು, ಇರುವ ಒಂದೇ ಕಣ್ಣನ್ನು ಸ್ಕ್ರೀನಿಗೆ ಅಂಟಿಸಿ ಅವಳು ಮೇಲೇರಿಸಿದ್ದ ನಾಲ್ಕು ಪರದೆ. ಅದೇ ಹಳೇದು.

ಅವಳು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ರಿಸೀವರಿನಲ್ಲಿ ಆಸ್ಪತ್ರೆಯ ತಳ್ಳುಗಾಡಿಯ ಸದ್ದು ಕೇಳಿಸಿತು. "ಮನೆ ಕಂಪ್ಯೂಟರಲ್ಲಿ ಎಲ್ಲ ಇದೆ. ಏಳನ್ನೂ ಮತ್ತೆ ಹಾಕಿ. ಈ ಸಲ ಯಾವುದನ್ನೂ ತೆಗೀಬೇಡಿ," ಎಂದಳು.

ಎರಡು ಸಾಲು ಬರೆದು ಹೊಡೆದುಹಾಕಿದೆ. ಇಂದು ಇಷ್ಟೇ.

25 ಫೆಬ್ರವರಿ, ಮಂಗಳವಾರ

ಕರೆಂಟಿಲ್ಲ.

26 ಫೆಬ್ರವರಿ, ಬುಧವಾರ

ನಿನ್ನೆ ಕತ್ತಲಲ್ಲಿ ಕೂತು ಯೋಚಿಸಿದೆ. ಹೇಗೂ ಎಲ್ಲವನ್ನೂ ಮತ್ತೆ ಹಾಕಬೇಕು. ಹಾಕುವುದಾದರೆ ಸೈಟಿಗೆ ಒಂದು ಗಾಂಭೀರ್ಯ ಬೇಡವೇ? ಅವಳು ಕಟ್ಟಿದ ಮೊದಲ ಪುಟದಲ್ಲಿ ಏನಿದೆ? ಮಾವನ ಹೆಸರು, ಕೆಳಗೆ ಸಣ್ಣಗೆ ಅವಳ ಹೆಸರು, ಬಿಳಿ ಜಾಗ. ತೆರೆದ ಕೂಡಲೇ ಪ್ರೇಕ್ಷಕ ಬೆಚ್ಚಿ ನೇರವಾಗಿ ಕೂರಬೇಕು. ಬಿಳಿ ಜಾಗಕ್ಕೆ ಯಾರು ಬೆಚ್ಚುತ್ತಾರೆ?

ಮೂಡಿಗೆರೆಗೆ ಹೋದೆ. ನನ್ನ ಮೂವತ್ತರ ವಯಸ್ಸಿನ ರಾಜವೇಷದ ಫೋಟೋ ಒಂದಿದೆ. ಅರಮನೆಯ ಪರದೆಯ ಮುಂದೆ, ಹೆಗಲಿಗೆ ಗದೆ, ಎಡಗೈ ಸೊಂಟದ ಮೇಲೆ. ಸ್ಟುಡಿಯೋದ ಅನಿಲ್ ಅದನ್ನು ಸ್ಕ್ಯಾನ್ ಮಾಡಿದ.

"ಸಾರ್, ಇಷ್ಟು ದೊಡ್ಡದು ರಸ್ತೆ ಬೋರ್ಡಿಗೆ ಮಾಡೋದು. ವೆಬ್‌ಸೈಟಿಗೆ ಸಣ್ಣದು ಸಾಕು."

"ದೊಡ್ಡದೇ ಮಾಡು ಮಾರಾಯ. ಮೀಸೆಯ ಕೂದಲು ಒಂದೊಂದೂ ಕಾಣಬೇಕು."

"ಕಾಣ್ತದೆ ಸಾರ್. ಆದ್ರೆ ಹೋಗೋದು ಕಷ್ಟ."

"ರಾಜ ಹೋಗುವುದು ಯಾವಾಗಲೂ ಕಷ್ಟವೇ. ಪರಿವಾರ ಇರುತ್ತದಲ್ಲ."

ಸಿ.ಡಿ.ಗೆ ಹಾಕಿಸಿ ತಂದೆ. ಫೈಲಿಗೆ ಅರಸ ಎಂದು ಹೆಸರಿಟ್ಟೆ. ಕಾಯುವ ಸಾಲಿಗೆ ಮೊದಲು ಎಳೆದು ಹಾಕಿದ್ದು ಅದನ್ನೇ ಆದ್ದರಿಂದ ಎಲ್ಲರಿಗಿಂತ ಮುಂದೆ ಹೋಗಿ ನಿಂತಿತು. ನ್ಯಾಯ ಎಂದರೆ ಇದು. ಕಾತ್ಯಾಯಿನಿಗೆ ಹೇಳಿಲ್ಲ. ಕಟ್ಟು ಬಿಚ್ಚಿದ ಮೇಲೆ ನೋಡಿ ಆಶ್ಚರ್ಯಪಡಲಿ.

28 ಫೆಬ್ರವರಿ, ಶುಕ್ರವಾರ

ಹೋಗುತ್ತಿಲ್ಲ, ಜನರೇ. ಹೋಗುತ್ತಿಲ್ಲ.

ಬೆಳಿಗ್ಗೆಯಿಂದ ಕೂತಿದ್ದೇನೆ. ಕೆಳಗೊಂದು ನೀಲಿ ಪಟ್ಟಿ ತೆವಳುತ್ತದೆ. ಕಾಫಿ ಕುಡಿದು ಬಂದರೆ ಅಷ್ಟೇ, ಸ್ನಾನ ಮಾಡಿ ಬಂದರೆ ಕೂದಲೆಳೆಯಷ್ಟು ಮುಂದೆ. ಅರ್ಧ ದಾರಿಗೆ ಬರುತ್ತಿದ್ದಂತೆ ಲೈನು ಕಡಿಯುತ್ತದೆ. ಕಡಿದರೆ ಮತ್ತೆ ಮೊದಲಿನಿಂದ. ಸೂತ್ರಧಾರ ಬಂದು, ನಾಂದಿ ಹಾಡಿ, ರಾಜ ಪ್ರವೇಶ ಮಾಡುವ ಹೊತ್ತಿಗೆ ಗ್ಯಾಸ್‌ಲೈಟ್ ಆರಿ, ಮತ್ತೆ ಸೂತ್ರಧಾರ ಬಂದು, ಮತ್ತೆ ನಾಂದಿ.

ಮೊದಲು ಭೂತಯ್ಯನ ಫೋನಿನ ವೈರು ಕಿತ್ತೆ. ಆದರೂ ಕಡಿಯಿತು. ದೂರವಾಣಿ ಕೇಂದ್ರಕ್ಕೆ ಹೋಗಿ ಮಾತಾಡಿದೆ. ಅಲ್ಲಿದ್ದವರು ನನ್ನ ದನಿಗೆ ಎದ್ದು ನಿಂತರು, ಟೀ ಕೊಟ್ಟರು, ಲೈನು ಚೆನ್ನಾಗಿದೆ ಎಂದರು. ಲೈನು ಚೆನ್ನಾಗಿದೆಯಂತೆ. ಹಾಗಾದರೆ ಕೆಟ್ಟಿರುವುದು ಯಾರು? ಅಮೆರಿಕದ ಆ ಸರ್ವರು ಇರಬೇಕು. ಅದಕ್ಕೆ ಗಂಭೀರವಾದದ್ದನ್ನು ನುಂಗುವ ಯೋಗ್ಯತೆಯಿಲ್ಲ.

ನೋಡುತ್ತ ಕೂರುವುದು ಬೇಸರವೆಂದು ಸಾಲಿನಲ್ಲಿ ಹಿಂದೆ ಕಾಯುತ್ತಿರುವ ಫೈಲುಗಳಲ್ಲಿ ಒಂದನ್ನು ತೆರೆದು ನೋಡಿದೆ. ಬೀದಿ ಪರದೆಯ ಪುಟದಲ್ಲಿ ಕಾತ್ಯಾಯಿನಿ ಬರೆದಿದ್ದಾಳೆ: "ಬಲಗಡೆಯ ಮೂರನೇ ಅಂಗಡಿಯ ಜಗಲಿಯ ಮೇಲೆ ಕೂತಿರುವ ಹುಡುಗಿ ಯಾವ ನಾಟಕಕ್ಕೂ ಸೇರಿದವಳಲ್ಲ." ಫೋಟೋದಲ್ಲಿ ಹುಡುಕಿದೆ. ಇದ್ದಾಳೆ. ಹೆಬ್ಬೆರಳಿನಷ್ಟು. ಹಸಿರು ಲಂಗ.

ಆ ಪರದೆಯ ಮುಂದೆ ನಾನು ಎಷ್ಟು ಸಲ ವೇಷ ಮರೆಸಿಕೊಂಡ ರಾಜನಾಗಿ ತಿರುಗಾಡಿದ್ದೇನೆ. ಹುಡುಗಿಯನ್ನು ಕಂಡ ನೆನಪಿಲ್ಲ.

1 ಮಾರ್ಚ್, ಶನಿವಾರ, ಶಿವರಾತ್ರಿ

ಕಿರೀಟಗಳೆಲ್ಲ ಬಾಡಿಗೆಗೆ ಹೋಗಿವೆ. ಊರಿಗೆಲ್ಲ ಮೈಕ್ ಸೆಟ್ಟು, ನಮ್ಮ ಬೀದಿಗೆ ವೋಲ್ಟೇಜ್ ಇಲ್ಲ. ಕಂಪ್ಯೂಟರು ಕಣ್ಣು ಬಿಟ್ಟು ಕಣ್ಣು ಮುಚ್ಚುತ್ತದೆ.

ಗಾನಶ್ರೀ ಫೋನ್ ಮಾಡಿದ್ದಳು. "ಮಾವ, ಅತ್ತೆಗೆ ಕುತ್ತಿಗೆ ನೋವು. ಊಟವೂ ಹಾಗೇ ಕವುಚಿಕೊಂಡೇ ಮಾಡ್ಬೇಕು. ಆದ್ರೂ ಗಂಟೆಗೊಂದ್ಸಲ, ನಿನ್ನ ಮಾವ ಹಾಕಿದ್ದು ಹೋಯ್ತಾ ಕೇಳು ಅಂತಾರೆ."

"ಹೋಗ್ತಿದೆ ಅಂತ ಹೇಳು."

"ಹಾಗಂತ ನಿನ್ನೆಯೂ ಹೇಳಿದ್ದೆ ಮಾವ."

3 ಮಾರ್ಚ್, ಸೋಮವಾರ

ಸಭೆಗೆ ಮುಂಚೆ ಉಳಿದಿರುವುದು ನಾಳೆ ಒಂದೇ ದಿನ. ಸೈಟಿನಲ್ಲಿ ಒಂದು ಪರದೆಯೂ ಇಲ್ಲ. ತೆರೆದವರಿಗೆ ಬಿಳಿ ಪುಟ, ಅದರ ಮೇಲೆ ಇಂಗ್ಲಿಷಿನಲ್ಲಿ ಇಲ್ಲಿ ಏನೂ ಇಲ್ಲ ಎಂಬರ್ಥದ ಒಂದು ಸಾಲು.

ಸೋತು ಅವಳಿಗೆ ಫೋನ್ ಮಾಡಿದೆ.

"ಒಂದು ಕೆಲಸ ಮಾಡಿ," ಎಂದಳು. "ಕಾಯ್ತಿರೋ ಸಾಲು ಇದೆಯಲ್ಲ, ಅದನ್ನ ಮೇಲಿಂದ ಕೆಳಗೆ ಓದಿ. ಹೆಸರು, ಮುಂದೆ ಎಷ್ಟು ದೊಡ್ಡದು ಅಂತ ಇರ್ತದಲ್ಲ, ಅದೂ."

"ಬೀದಿ ಒಂದು, ಬೀದಿ ಎರಡು..."

"ಮೇಲಿಂದ."

"ಮೇಲಿಂದಲೇ ಓದ್ತಿದ್ದೇನೆ."

"ಅರಮನೆ ಬೀದಿಗಿಂತ ಮುಂಚೆ ಬರ್ಬೇಕಲ್ಲ. ಎ ಅಕ್ಷರ. ಸರಿಯಾಗಿ ಓದಿ ಮಾರಾಯ್ರೆ."

"ಅರಮನೆ ಒಂದು, ಅರಮನೆ ಎರಡು. ಸಣ್ಣವೇ ಎಲ್ಲ."

"ಅದಕ್ಕಿಂತ ಮೇಲೆ ಎಂತ ಉಂಟು?"

ಸಾವಿರ ಜನರ ಮುಂದೆ ಮಾತು ಮರೆಯದ ನಾನು ಆ ಹೆಸರನ್ನು ಮೆಲ್ಲಗೆ ಹೇಳಿದೆ.

"ಅರಸನಾ? ನಾನು ಅಂಥ ಫೈಲು ಮಾಡ್ಲಿಲ್ಲ. ಎಷ್ಟು ದೊಡ್ಡದು ಅದು?"

ಮುಂದಿದ್ದ ಅಂಕಿಯನ್ನು ಓದಿದೆ. ಅವಳು ಮತ್ತೊಮ್ಮೆ ಓದಿಸಿದಳು. ಏಳು ಪರದೆಗಳ ಎಲ್ಲ ಫೋಟೋ, ಎಲ್ಲ ಪುಟ ಕೂಡಿಸಿ ಹತ್ತು ಪಟ್ಟು ಮಾಡಿದರೂ ಅಷ್ಟಾಗುವುದಿಲ್ಲವಂತೆ.

"ಯಾರ ಫೋಟೋ ಅದು?"

ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಮೊದಲು ಒಂದು ಸಣ್ಣ ಉಸಿರು, ಆಮೇಲೆ ದಿಂಬಿನೊಳಗೆ ಒತ್ತಿ ಹಿಡಿದಂಥ ಒಂದು ಸದ್ದು. ಅಳುತ್ತಿದ್ದಾಳೆಂದು ಹೆದರಿದೆ. ಗಾನಶ್ರೀ ಫೋನ್ ಕಸಿದುಕೊಂಡಳು.

"ಮಾವ, ಎಂತ ಹೇಳಿದ್ರಿ ನೀವು? ಅತ್ತೆ ನಗ್ತಾ ಇದ್ದಾರೆ. ಅಲುಗಾಡ್ಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ. ನರ್ಸ್ ಬೈತಾರೆ."

ಮತ್ತೆ ಅವಳೇ ಬಂದಳು. "ಐದು ದಿನದಿಂದ ನೀವೇ ಬಾಗಿಲಲ್ಲಿ ಸಿಕ್ಕಿಕೊಂಡಿದೀರಿ," ಎಂದಳು. "ಗದೆ ಬೇರೆ. ಹಿಂದಿನವ್ರು ಹ್ಯಾಗೆ ಹೋಗ್ಬೇಕು? ಬೇಕಿದ್ರೆ ಸಣ್ಣ ಮಾಡಿ ಹಾಕಿ. ಸಣ್ಣ ಮಾಡೋದು ಹೇಳ್ಕೊಡ್ತೀನಿ, ಬರ್ಕೊಳಿ."

ಬರೆದುಕೊಂಡೆ. ಸಣ್ಣ ಮಾಡಿ ನೋಡಿದೆ. ಬೆಂಕಿಪೊಟ್ಟಣದ ಮೇಲಿನ ಚಿತ್ರದ ಹಾಗೆ ಕಂಡೆ. ಮೀಸೆಯಿಲ್ಲ, ಒಂದು ಕಪ್ಪು ಗೆರೆ. ಇದಕ್ಕಿಂತ ಇಲ್ಲದಿರುವುದೇ ಮರ್ಯಾದೆ.

ತೆಗೆಯುವುದೋ ಬಿಡುವುದೋ ಬೆಳಿಗ್ಗೆ ನೋಡೋಣವೆಂದು ಎದ್ದೆ. ಏಳುವ ಮೊದಲು ದೊಡ್ಡ ಫೋಟೋವನ್ನೂ ಅವಳು ತೆಗೆದಿರುವ ಬರೀ ಅರಮನೆ ಪರದೆಯ ಫೋಟೋವನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಅರಮನೆಯ ಕಂಬಗಳು, ಕಮಾನು, ಕೆಳಗೆ ಮೆಟ್ಟಿಲು. ಅವಳ ಫೋಟೋದಲ್ಲಿ ಎರಡನೇ ಮೆಟ್ಟಿಲ ಮೇಲೆ ಅದೇ ಹಸಿರು ಲಂಗದ ಹುಡುಗಿ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಾಳೆ. ನನ್ನ ಫೋಟೋದಲ್ಲಿ ಆ ಜಾಗದಲ್ಲಿ ನನ್ನ ಕಾಲಿದೆ.

4 ಮಾರ್ಚ್, ಮಂಗಳವಾರ

ಬೆಳಿಗ್ಗೆ ಅರಸನನ್ನು ಸಾಲಿನಿಂದ ತೆಗೆದೆ. ಶಿವರಾತ್ರಿಗೆ ಹೋಗಿದ್ದ ಒಂದು ಕಿರೀಟ ವಾಪಸು ಬಂದಿತ್ತು, ಅದನ್ನು ಅಂಗಡಿಯ ಫೋನಿನ ಮೇಲೆ ಕವುಚಿದೆ. ವೈರು ಕಿತ್ತಿದ್ದರೂ ಇರಲಿ ಎಂದು. ಭೂತಯ್ಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತ, ಬಂದವರಿಗೆಲ್ಲ ಬೆರಳಿನಿಂದ ತುಟಿ ಮುಚ್ಚಿ ತೋರಿಸುತ್ತಿದ್ದ.

ಹೋಗಲಾರಂಭಿಸಿದವು. ಅರಮನೆ ಹೋಯಿತು. ಬೀದಿ ಹೋಯಿತು. ನೀಲಿ ಪಟ್ಟಿ ಈ ತುದಿಯಿಂದ ಆ ತುದಿಗೆ ನಿಲ್ಲದೆ ನಡೆದು, ಅಳಿಸಿ, ಮತ್ತೆ ನಡೆಯಿತು. ಒಂದೊಂದು ಪುಟ ಹೋಗುವಾಗಲೂ ಅದನ್ನು ತೆರೆದು ನೋಡುತ್ತಿದ್ದೆ.

ಕಾಡಿನ ಪರದೆಯಲ್ಲಿ ಹುಡುಗಿ ಬೀಟೆ ಮರದ ಬುಡದಲ್ಲಿ ನಿದ್ದೆ ಮಾಡುತ್ತಿದ್ದಾಳೆ. ಸೆರೆಮನೆಯಲ್ಲಿ ಕಿಟಕಿಯ ಹೊರಗೆ ನಿಂತಿದ್ದಾಳೆ, ಸರಳಿನ ನಡುವೆ ಮುಖ. ಸ್ಮಶಾನದಲ್ಲಿ ಅವಳಿಲ್ಲ. ಕಾತ್ಯಾಯಿನಿ ಅಲ್ಲಿ ಬರೆದಿದ್ದಾಳೆ: "ಈ ಪರದೆಯಲ್ಲಿ ಮಾತ್ರ ಅಪ್ಪ ನನ್ನನ್ನು ಬರೆಯಲಿಲ್ಲ. ಕೇಳಿದ್ದಕ್ಕೆ, ಅಲ್ಲಿ ನಿನಗೇನು ಕೆಲಸ ಎಂದರು." ಉದ್ಯಾನದ ಪುಟದಲ್ಲಿ: "ತಾಯಿಯಿಲ್ಲದ ನಾನು ದಿನಾ ರಂಗದ ಹಿಂದೆ ಕೂತಿರುತ್ತಿದ್ದೆ. ಅಲ್ಲಿಂದ ನಾಟಕ ಕಾಣುತ್ತಿರಲಿಲ್ಲ, ಪರದೆಯ ಬೆನ್ನು ಮಾತ್ರ ಕಾಣುತ್ತಿತ್ತು. ಅದಕ್ಕೇ ಅಪ್ಪ ನನ್ನನ್ನು ಮುಂದಿನ ಕಡೆ ಕೂರಿಸಿದರು." ಉದ್ಯಾನಕ್ಕೆ ಒಂದು ಪಕ್ಕದ ವಿಂಗೂ ಇದೆ. ಆಳೆತ್ತರದ ಉದ್ದನೆಯ ಬಟ್ಟೆ, ಅದರ ಮೇಲೆ ಒಂದು ಬಾವಿಕಟ್ಟೆ. ಕಟ್ಟೆಗೆ ಎರಡೂ ಕೈ ಊರಿ ಅವಳು ಬಗ್ಗಿ ನೀರು ನೋಡುತ್ತಿದ್ದಾಳೆ. ನೀರಿನಲ್ಲಿ ಮುಖವೂ ಇದೆ.

ನಟನಿಗೆ ಪರದೆ ಕಾಣುವುದಿಲ್ಲ. ಅವನ ಮುಖ ಜನರ ಕಡೆ, ಬೆನ್ನು ಪರದೆಯ ಕಡೆ. ಬಣ್ಣ ಹಚ್ಚಿಕೊಂಡಷ್ಟು ವರ್ಷವೂ ನಾನು ಹಾಗೇ ನಿಂತಿದ್ದೆ. ಇದು ತಪ್ಪೆಂದು ಬರೆಯುತ್ತಿಲ್ಲ, ರಂಗದ ನಿಯಮವೇ ಹಾಗೆ. ಸುಮ್ಮನೆ ಬರೆದೆ.

ಊಟದ ಹೊತ್ತಿಗೆ ಏಳೂ ಹೋಗಿದ್ದವು. ಕೊನೆಯ ಫೈಲು ಸೇರಿದ ಮೇಲೂ ಸ್ವಲ್ಪ ಹೊತ್ತು ಲೈನು ಬಿಡಲಿಲ್ಲ. ಸೈಟನ್ನು ತೆರೆದು ಮೊದಲ ಪುಟ ನೋಡಿದೆ. ಬಿಳಿ ಜಾಗ, ಮಾವನ ಹೆಸರು, ಕೆಳಗೆ ಅವಳದು. ಅವಳ ಹೆಸರಿನ ಅಕ್ಷರ ಇನ್ನಷ್ಟು ದೊಡ್ಡದಿರಬಹುದಿತ್ತು. ಅದನ್ನು ಮಾಡುವುದು ನನಗೆ ಗೊತ್ತಿಲ್ಲ.

ಫೋನ್ ಮಾಡಿ ಹೇಳಿದೆ. "ಹೋಯಿತು."

"ಎಲ್ಲ?"

"ಎಲ್ಲ. ನದಿಯಲ್ಲಿ ನೀನು ದೋಣಿಯೊಳಗೆ ಇದ್ದೀಯಲ್ಲ, ಅದೂ."

"ನೋಡಿದ್ರಾ?" ಎಂದಳು. "ದನಿ ಎಂತ ಇಷ್ಟು ಸಣ್ಣ ಆಗಿದೆ? ಶೀತವಾ? ಬಿಸಿನೀರು ಕುಡೀರಿ."

ಶೀತವೇನೂ ಇಲ್ಲ.

5 ಮಾರ್ಚ್, ಬುಧವಾರ

ಶ್ರೀಹರಿಯವರು ಮಧ್ಯಾಹ್ನ ಫೋನ್ ಮಾಡಿದರು. ಸಮಿತಿಯವರು ಸೈಟನ್ನು ಎರಡೆರಡು ಸಲ ನೋಡಿದರಂತೆ. ಹುಡುಗಿಯನ್ನು ಹುಡುಕುತ್ತ ಹಿರಿಯರೆಲ್ಲ ಮಕ್ಕಳ ಹಾಗೆ ಸ್ಕ್ರೀನಿಗೆ ಮುತ್ತಿಕೊಂಡರಂತೆ. ಏಳನ್ನೂ ತೆಗೆದುಕೊಳ್ಳುತ್ತಾರೆ. ಯುಗಾದಿ ಕಳೆದ ಮೇಲೆ, ಮಳೆಗೆ ಮುಂಚೆ, ಲಾರಿ ಕಳಿಸುತ್ತಾರೆ.

"ಮೇಡಮ್ ಹತ್ರ ಮಾತಾಡ್ಬಹುದಾ?" ಎಂದು ಕೇಳಿದರು.

"ಅವಳು ಆಸ್ಪತ್ರೆಯಲ್ಲಿದ್ದಾಳೆ. ನಾನು ಅವಳ ಪ್ರಾಂಪ್ಟರು, ನನಗೆ ಹೇಳಿ."

"ಒಂದು ವಿಷಯ ಸರ್. ಪರದೆ ಎಷ್ಟು ಎತ್ತರ ಅಂತ ಗೊತ್ತಾಗೋಕೆ ಅದರ ಮುಂದೆ ಯಾರಾದ್ರೂ ನಿಂತಿರೋ ಫೋಟೋ ಇದ್ರೆ ಒಳ್ಳೇದಿತ್ತು. ವೇಷದಲ್ಲಿದ್ರೆ ಇನ್ನೂ ಚೆನ್ನ. ಅಂಥದ್ದು ಯಾವುದಾದ್ರೂ ಇದೆಯಾ?"

ಸಿ.ಡಿ. ಮೇಜಿನ ಮೇಲೆಯೇ ಇತ್ತು.

"ನಿಂತರೆ ಹುಡುಗಿ ಮರೆಯಾಗ್ತಾಳೆ," ಎಂದೆ. "ಅಳತೆ ಹಿಡಿದು ಬರೆದು ಕಳಿಸ್ತೇನೆ. ಇನ್ನೊಂದು ಮಾತು. ಉದ್ಯಾನದ ಒಂದು ವಿಂಗ್ ಮಾತ್ರ ಸ್ವಲ್ಪ ತಡವಾಗಿ ಕೊಡ್ತೇನೆ. ನಮಗೆ ಬೇಕಾಗಿದೆ."

ಸಂಜೆ ಗಾನಶ್ರೀಯ ಫೋನು. ನಾಳೆ ಹತ್ತು ಗಂಟೆಗೆ ಕಟ್ಟು ಬಿಚ್ಚುತ್ತಾರೆ. ಕಾಣುತ್ತದೋ ಇಲ್ಲವೋ ಡಾಕ್ಟರು ಏನೂ ಹೇಳುತ್ತಿಲ್ಲವಂತೆ. ಕಂಡರೂ ಇನ್ನೂ ಕೆಲವು ದಿನ ಮುಖ ಕೆಳಗೇ ಇರಬೇಕು. "ಕಣ್ಣು ಬಂದ್ರೆ ಮೊದ್ಲು ಕಾಣೋದು ಆಸ್ಪತ್ರೆ ನೆಲ, ಅದಕ್ಕೆ ಬೇರೆ ಫಿನಾಯಿಲ್ ಹಾಕಿರ್ತಾರೆ ಅಂತ ಅತ್ತೆ ತಮಾಷೆ ಮಾಡ್ತಿದ್ರು ಮಾವ. ಆದ್ರೆ ಇವತ್ತು ಊಟ ಮಾಡ್ಲಿಲ್ಲ."

ಭೂತಯ್ಯನೂ ನಾನೂ ಸೇರಿ ಅಟ್ಟದಿಂದ ಆ ವಿಂಗನ್ನು ಇಳಿಸಿದೆವು. ಗೆದ್ದಲಿನ ಮಣ್ಣನ್ನು ಮೆಲ್ಲಗೆ ಒರೆಸಿದೆವು. ಒಂದು ಅಂಚು ಹೋಗಿದೆ. ಬಾವಿಕಟ್ಟೆ ಇದೆ, ಹುಡುಗಿ ಇದ್ದಾಳೆ, ನೀರಿನೊಳಗಿನ ಮುಖವೂ ಹಾಗೇ ಇದೆ. ಸುತ್ತಿ, ಹಳೇ ಶಾಲಿನಲ್ಲಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದೇನೆ.

"ಬಸ್ಸಿನಲ್ಲಿ ಕಂಡಕ್ಟರು ಇದಕ್ಕೂ ಟಿಕೇಟು ಕೇಳ್ತಾನೆ ಅಯ್ಯಾರೇ," ಎಂದ ಭೂತಯ್ಯ.

"ಕೇಳಲಿ. ಇಬ್ಬರಿಗೂ ತಗೊಳ್ತೇನೆ."

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ವಾರ್ಡಿನೊಳಗೆ ಇದನ್ನೆಲ್ಲ ತರಬಾರದೆಂದು ನರ್ಸ್ ತಡೆದರೆ ದನಿ ತಗ್ಗಿಸಿ ಕೇಳಿಕೊಳ್ಳುತ್ತೇನೆ. ಕಟ್ಟು ಬಿಚ್ಚುವ ಮೊದಲು ಅವಳ ಮಂಚದ ಪಕ್ಕದಲ್ಲಿ, ಅವಳ ಮುಖದ ನೇರಕ್ಕೆ, ನೆಲದ ಮೇಲೆ ಬಾವಿಯನ್ನು ಹಾಸುತ್ತೇನೆ. ಹಾಸಿ, ಬದಿಗೆ ಸರಿದು ನಿಲ್ಲುತ್ತೇನೆ.